ಅಕ್ಕ ಹತ್ತಿದರೆ ಹತ್ತುವ ದೀಪ

ನನ್ನ ಜಾಮಿಟ್ರಿ ಡಬ್ಬಿಯಲ್ಲಿ ಕೈವಾರ, ಕೋನಮಾಪಕ, ಅರ್ಧ ಸವೆದ ರಬ್ಬರುಗಳ ನಡುವೆ ಒಂದು ಮುರಿದ ಪ್ಲಾಸ್ಟಿಕ್ ಕೊಕ್ಕೆ ಇದೆ. ಕಪ್ಪು ಬಣ್ಣದ್ದು, ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಮೊನ್ನೆ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದಾಗ ಅದು ಮೇಜಿನ ಮೇಲೆ ಉರುಳಿತು. ಪಕ್ಕದಲ್ಲಿ ಕೂತಿದ್ದ ವಿಜ್ಞಾನದ ಮೇಡಂ ಎತ್ತಿಕೊಂಡು, "ಇದೇನ್ರೀ?" ಅಂದರು. "ಕಾರಿಂದು" ಅಂದೆ. "ಕಾರಿನ ಸಾಮಾನು ಗಣಿತದ ಡಬ್ಬಿಯಲ್ಲಿ ಯಾಕಿದೆ?" ಅಂದರು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಅವರಿಗೆ ಹೇಳಲಾಗದೆ ಉಳಿದದ್ದನ್ನು ನಿಮಗಾದರೂ ಹೇಳಿಬಿಡುತ್ತೇನೆ.

ನಾನಿರುವುದು ಮದ್ದೂರಿನಲ್ಲಿ. ಪಾಠ ಮಾಡುವುದು ಆತಗೂರಿನ ಹೈಸ್ಕೂಲಿನಲ್ಲಿ. ಕಾರು ಓಡಿಸಲು ಕಲಿತದ್ದು ನಲವತ್ತೇಳನೇ ವಯಸ್ಸಿಗೆ. ಆ ವಯಸ್ಸಿಗೆ ಕಲಿತವರಿಗೆ ಕ್ಲಚ್ಚಿನ ಮೇಲೆ ಭಕ್ತಿ ಜಾಸ್ತಿ, ಆಕ್ಸಿಲೇಟರಿನ ಮೇಲೆ ನಂಬಿಕೆ ಕಮ್ಮಿ. ಲೈಸೆನ್ಸ್ ಸಿಕ್ಕ ಮೇಲೂ ಹಿಂದಿನ ಗಾಜಿನ ಮೇಲಿದ್ದ ಕೆಂಪು 'ಎಲ್' ಅಕ್ಷರವನ್ನು ಎರಡು ವರ್ಷ ಕಿತ್ತಿರಲಿಲ್ಲ. ಅದನ್ನು ಕಂಡರೆ ಕಬ್ಬಿನ ಗಾಡಿಯವರು ಕೂಡ ಎತ್ತಿನ ಹಗ್ಗ ಎಳೆದು ಪಕ್ಕಕ್ಕೆ ಸರಿಯುತ್ತಿದ್ದರು. ಅಷ್ಟು ಮರ್ಯಾದೆ ನನಗೆ ಶಾಲೆಯಲ್ಲೂ ಸಿಕ್ಕಿದ್ದಿಲ್ಲ. ಕಾರು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಂದ ಕೊಂಡದ್ದು. ಹದಿನೈದು ವರ್ಷದ ಸಣ್ಣ ಗಾಡಿ, ಹಾಲಿನ ಕೆನೆಯ ಬಣ್ಣ. ನಮ್ಮ ಯಜಮಾನರು ಸ್ಕೂಟರ್ ಪಕ್ಷದವರು. ಕಾರನ್ನು ಒಂದು ಸುತ್ತು ಹಾಕಿ ನೋಡಿ, "ನಿನಗೆ ಹೊಂದುತ್ತೆ ಬಿಡು" ಎಂದಿದ್ದರು. ಹೊಗಳಿಕೆಯೋ ಏನೋ ಇವತ್ತಿಗೂ ಗೊತ್ತಾಗಿಲ್ಲ.

ಮೂರು ವರ್ಷ ಕಾರು ಒಂದು ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಮಳವಳ್ಳಿ ರಸ್ತೆಯಲ್ಲಿ ಸ್ಟೀರಿಂಗಿನ ಹಿಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿತು. ಅದರಲ್ಲಿದ್ದ ಚಿತ್ರ ನನಗೆ ಗದ್ದೆಯ ಪಂಪ್‌ಸೆಟ್ಟಿನ ಹಾಗೆ ಕಂಡಿತು. ಇದೇನು, ಕಾರಿಗೂ ಕರೆಂಟು ಬಂತೇ ಅಂದುಕೊಂಡೆ. ಅದು ಇಂಜಿನ್ನಿನ ಚಿತ್ರ, ಇಂಜಿನ್ನಿಗೆ ಹುಷಾರಿಲ್ಲ ಎನ್ನುವ ಸೂಚನೆ ಅಂತ ಆಮೇಲೆ ತಿಳಿಯಿತು. ದೀಪ ಹತ್ತಿದ್ದೇ ಕಾರಿಗೆ ತ್ರಾಣ ಹೋಯಿತು. ಎಷ್ಟು ತುಳಿದರೂ ಜ್ವರ ಬಂದ ಎತ್ತಿನ ಹಾಗೆ ತಲೆ ತಗ್ಗಿಸಿಕೊಂಡು ನಡೆಯಿತು. ಹಿಂದೆ ಬಂದ ಬಸ್ಸಿನವನು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಪಕ್ಕದಲ್ಲಿ ಅಕ್ಕ ಕೂತಿದ್ದಳು. "ನಿಲ್ಸಿ ಒಸಿ ಸುದಾರಿಸ್ಕಳ್ಳಿ ಬುಡು" ಅಂದಳು, ಕಾರಿಗೂ ದಣಿವಾಗುತ್ತದೆ ಎನ್ನುವಂತೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಏನೂ ಆಗದವರ ಹಾಗೆ ಓಡಿತು.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಹೆಸರು ಜಯಮ್ಮ, ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮಳವಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ನಾನು ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿ, ಅವಳು ಹೊಲಿದ ಲಂಗದಲ್ಲಿ, ಅವಳು ಹೊಲಿದು ತಂದ ಅನ್ನದಲ್ಲಿ. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಹುಟ್ಟಿದ್ದಕ್ಕೋ ಏನೋ ಐವತ್ತು ದಾಟಿದ್ದೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಈಚೆಗೆ ಅದು ಎಡಗಣ್ಣಿಗೆ ಇಳಿಯಿತು. ಸೂಜಿಗೆ ದಾರ ಪೋಣಿಸುವಾಗ ನಡುವೆ ಕಪ್ಪು ಹುಳ ಕೂತಂತೆ ಕಾಣುತ್ತದೆ ಅಂದಳು. ಮಂಡ್ಯದ ಕಣ್ಣಾಸ್ಪತ್ರೆಯ ಡಾಕ್ಟರು, ನಾಲ್ಕು ವಾರಕ್ಕೊಮ್ಮೆ ಕಣ್ಣಿಗೆ ಇಂಜೆಕ್ಷನ್ ಕೊಡಬೇಕು, ತಪ್ಪಿಸಿದರೆ ಇರುವ ದೃಷ್ಟಿಯೂ ಹೋಗುತ್ತದೆ ಅಂದಿದ್ದರು. ಆ ದಿನಗಳಲ್ಲಿ ನಾನು ರಜೆ ಹಾಕಿ, ಮಳವಳ್ಳಿಗೆ ಹೋಗಿ ಅವಳನ್ನು ಹತ್ತಿಸಿಕೊಂಡು ಮಂಡ್ಯಕ್ಕೆ ಕರೆದೊಯ್ಯುತ್ತಿದ್ದೆ. ಉಳಿದಂತೆ ಭಾನುವಾರಗಳಲ್ಲಿ ನೆಂಟರ ಮನೆಗೋ, ದಾರ ಗುಂಡಿ ಕೊಳ್ಳಲಿಕ್ಕೋ, ಸುಮ್ಮನೆ ಗಾಳಿ ಕುಡಿಯಲಿಕ್ಕೋ ಇಬ್ಬರೂ ಹೊರಡುತ್ತಿದ್ದೆವು.

ದೀಪ ಮತ್ತೆ ಹತ್ತಿತು. ಮತ್ತೆ ಮತ್ತೆ ಹತ್ತಿತು. ಮಂಡ್ಯದ ಒಂದು ದೊಡ್ಡ ವರ್ಕ್‌ಶಾಪಿಗೆ ಕೊಂಡೊಯ್ದೆ. ಅಲ್ಲಿಯವರು ಸ್ಟೀರಿಂಗಿನ ಕೆಳಗೆ ಒಂದು ತಂತಿ ಸಿಕ್ಕಿಸಿ, ಯಂತ್ರದಲ್ಲಿ ಬಂದ ಸಂಖ್ಯೆ ಓದಿದರು. ಪಿ ಸೊನ್ನೆ ಒಂದು ಎರಡು ಎರಡು. ಗಣಿತದವಳಾದ ನನಗೆ ಸಂಖ್ಯೆ ಕಂಡರೆ ಸಮಾಧಾನ. ರೋಗಕ್ಕೆ ನಂಬರು ಸಿಕ್ಕಿದರೆ ಅರ್ಧ ವಾಸಿಯಾದ ಹಾಗೆ ಅಂದುಕೊಂಡೆ. ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆದಿದೆ ಎಂದು ಹೇಳುವ ಒಂದು ಪುಟ್ಟ ಸೆನ್ಸರ್ ಇದೆಯಂತೆ. ಅದು ಹೇಳುವುದನ್ನೇ ನಿಲ್ಲಿಸಿಬಿಡುತ್ತದೆ ಎಂದು ಆ ನಂಬರಿನ ಅರ್ಥ. ಸೆನ್ಸರ್ ಬದಲಾಯಿಸಿದರು. ಹತ್ತು ದಿನಕ್ಕೆ ದೀಪ ಹತ್ತಿತು. ಆ ಸೆನ್ಸರ್ರೇ ಸರಿಯಿರಲಿಲ್ಲವೇನೋ ಅಂತ ಇನ್ನೊಂದು ಹಾಕಿದರು. ಎರಡು ವಾರಕ್ಕೆ ಮತ್ತೆ ಅದೇ ನಂಬರು. ಅವರೇ ಇಡೀ ದಿನ ಮಂಡ್ಯ ಸುತ್ತಿ ನೋಡಿದರು, ದೀಪ ಹತ್ತಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಹಲ್ಲುನೋವು ಇರುತ್ತದಲ್ಲ, ಹಾಗೆ.

ಸಲಹೆಗಳಿಗೇನೂ ಬರವಿರಲಿಲ್ಲ. ಪೆಟ್ರೋಲ್ ಬಂಕ್ ಬದಲಾಯಿಸಿ ಅಂದರು ಒಬ್ಬರು. ನಿಂಬೆಹಣ್ಣು ಕಟ್ಟಿ ಅಂದರು ಇನ್ನೊಬ್ಬರು. ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಮಾತ್ರ ಅನುಭವದಿಂದ ಮಾತಾಡಿದರು: "ಆ ದೀಪದ ಮೇಲೆ ಒಂಚೂರು ಕಪ್ಪು ಟೇಪ್ ಅಂಟಿಸ್ಬುಡಿ ಮೇಡಂ. ಕಾಣ್ದಿದ್ರೆ ತಲೆನೋವಿಲ್ಲ." ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ವಾರ ಅಂಟಿಸಿಯೂ ಇದ್ದೆ. ಆದರೆ ಕಾಣದ ದೀಪದ ಕಡೆಗೇ ಕಣ್ಣು ಹೋಗಿ, ಎದುರಿಗಿದ್ದ ಎಮ್ಮೆ ಕಾಣದೆ ಸ್ವಲ್ಪದರಲ್ಲಿ ತಪ್ಪಿದ ಮೇಲೆ ಕಿತ್ತು ಹಾಕಿದೆ.

ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದೆ. ಇನ್ನೂರು ಪುಟದ ನೋಟ್ ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಕೋಷ್ಟಕ ಮಾಡಿದೆ. ದಿನ, ದಾರಿ, ಬಿಸಿಲೋ ಮಳೆಯೋ, ಎ.ಸಿ. ಹಾಕಿತ್ತೋ ಇಲ್ಲವೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಜೊತೆಯಲ್ಲಿ ಯಾರು. ಮೂರು ತಿಂಗಳು ಒಂದು ದಿನವೂ ಬಿಡದೆ ಬರೆದೆ. ಆತಗೂರಿಗೆ ಒಬ್ಬಳೇ ಹೋದಾಗ ದೀಪವಿಲ್ಲ. ವಿಜ್ಞಾನದ ಮೇಡಂ ಜೊತೆಗಿದ್ದಾಗಲೂ ಇಲ್ಲ. ಅವರು ಕಾರು ಹತ್ತುವುದೇ ನಿದ್ದೆ ಮಾಡಲಿಕ್ಕೆ. ಮಳೆಗೂ ದೀಪಕ್ಕೂ ಸಂಬಂಧವಿಲ್ಲ, ಬಿಸಿಲಿಗೂ ಇಲ್ಲ. ದೀಪ ಹತ್ತಿದ್ದು ಏಳು ಸಲ. ಏಳೂ ಸಲ 'ಜೊತೆಯಲ್ಲಿ ಯಾರು' ಎಂಬ ಕಾಲಮಿನಲ್ಲಿ ಒಂದೇ ಹೆಸರಿತ್ತು.

ಉತ್ತರ ಸಿಕ್ಕ ಖುಷಿಯಲ್ಲಿ ನನಗೆ ಬುದ್ಧಿ ಇರಲಿಲ್ಲ. ಮುಂದಿನ ಭಾನುವಾರ ಆ ನೋಟ್ ಬುಕ್ಕನ್ನು ಮಳವಳ್ಳಿಗೇ ತೆಗೆದುಕೊಂಡು ಹೋಗಿ, ಅಕ್ಕನ ಮುಂದೆ ಬಿಚ್ಚಿ ತೋರಿಸಿದೆ. ಅಕ್ಕ ಯಾರದೋ ರವಿಕೆಯ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು.

"ನೋಡಕ್ಕ, ಲೆಕ್ಕ ಸುಳ್ಳು ಹೇಳಲ್ಲ. ನೀನು ಹತ್ತಿದ್ರೆ ದೀಪಾನೂ ಹತ್ತುತ್ತೆ" ಅಂದೆ, ನನ್ನ ಚಮತ್ಕಾರಕ್ಕೆ ನಾನೇ ನಗುತ್ತಾ.

ಅಕ್ಕ ಪುಸ್ತಕದ ಕಡೆ ನೋಡಿದಳು. ಏಳು ಸಾಲುಗಳಲ್ಲಿ ಅವಳ ಹೆಸರಿನ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. "ಅಂಗಾ?" ಅಂದಳು. ಸ್ವಲ್ಪ ನಕ್ಕಳು ಕೂಡ. ಆಮೇಲೆ ಎದ್ದು ಕಾಫಿ ಮಾಡಲು ಹೋದಳು. ನಾನು ಅದನ್ನು ಮರೆತೇಬಿಟ್ಟೆ.

ಆ ಸಲದ ಇಂಜೆಕ್ಷನ್ನಿಗೆ ಕರೆದೊಯ್ಯಲು ಫೋನ್ ಮಾಡಿದರೆ, "ನೀ ಯಾಕೆ ರಜಾ ಆಕಿಯೆ, ನಮ್ಮ ಬೀದಿ ಎಂಗಸ್ರು ಬಸ್ಸಲ್ಲಿ ಮಂಡ್ಯಕ್ಕೆ ಓಯ್ತಾವ್ರೆ, ಅವರ ಜೊತೇಲಿ ಓಗ್ಬತ್ತೀನಿ" ಅಂದಳು. ಸರಿ ಅಂದೆ. ಮುಂದಿನ ಸಲವೂ ಹಾಗೇ ಅಂದಳು. ಶಾಲೆಯಲ್ಲಿ ಪರೀಕ್ಷೆ ಹತ್ತಿರವಿತ್ತು. ನನಗೂ ಅನುಕೂಲವೇ ಆಯಿತು ಅಂತ ಒಪ್ಪಿಕೊಳ್ಳಬೇಕು. ಭಾನುವಾರ ಹೋದರೆ ಮನೆಯಲ್ಲೇ ಕೂತು ಮಾತಾಡುತ್ತಿದ್ದೆವು. ಹೊರಗೆ ಹೋಗೋಣ ಅಂದರೆ ಅವಳಿಗೆ ಹೊಲಿಗೆ ಬಾಕಿ ಇರುತ್ತಿತ್ತು.

ಎರಡು ತಿಂಗಳಾದ ಮೇಲೆ ಕಣ್ಣಾಸ್ಪತ್ರೆಯಿಂದ ನರ್ಸೊಬ್ಬರು ನನಗೆ ಫೋನ್ ಮಾಡಿದರು. ಜಯಮ್ಮನವರು ಎರಡು ಇಂಜೆಕ್ಷನ್ನಿಗೂ ಬಂದಿಲ್ಲ, ಡಾಕ್ಟರು ಕೇಳುತ್ತಿದ್ದಾರೆ ಅಂದರು. ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ಹಾಗೇ ಬಿಟ್ಟು, ಮುಖ್ಯೋಪಾಧ್ಯಾಯರಿಗೆ ಹೇಳಿ, ನೇರ ಮಳವಳ್ಳಿಗೆ ಹೊರಟೆ.

ಅಕ್ಕ ಬಾಗಿಲಲ್ಲೇ ಕೂತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ನನ್ನನ್ನು ಕಂಡು ಅವಳಿಗೆ ಗೊತ್ತಾಗಿಹೋಯಿತು.

"ಆಸ್ಪತ್ರೆಗೆ ಹೋಗಿದ್ದೆ ಅಂದ್ಯಲ್ಲ ಅಕ್ಕ."

"ಓಗ್ಬೇಕು ಅಂತ ಬಸ್ ಸ್ಟಾಂಡ್ ಗಂಟ ಓಗಿದ್ದೆ ಕಣೆ. ಕಣ್ಗೆ ಪಟ್ಟಿ ಕಟ್ಟುಸ್ಕಂಡು ಒಬ್ಳೇ ಎಂಗೆ ಬರ್ಲಿ ಅಂತ ವಾಪಸ್ ಬಂದೆ."

"ಬೀದಿಯವರು ಜೊತೆಗೆ ಬರ್ತಾರೆ ಅಂದೆ?"

"ಯಾರೂ ಇರ್ನಿಲ್ಲ. ಸುಮ್ಕೆ ಅಂದೆ."

"ಕಾರಿತ್ತಲ್ಲ. ನಾನಿರಲಿಲ್ವಾ?"

ಅಕ್ಕ ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಉಗುರಿನಿಂದ ಗೀಚುತ್ತಾ ಹೇಳಿದಳು: "ನಾ ಕೂತ್ರೆ ನಿನ್ ಕಾರು ಕೆಡ್ತದೆ ಅಂತ ನೀನೇ ಬರ್ದಿದ್ಯಲ್ಲೇ ಬಾಗ್ಯ. ಯಾವತ್ತೋ ಒಂದಿನ ಲಾರಿ ಮುಂದೆ ನಿಂತೋದ್ರೆ ಏನ್ ಗತಿ? ನನ್ ದೆಸೆಯಿಂದ ಒಬ್ರು ಓಗಿರದು ಸಾಕು."

ಭಾವ ತೀರಿಕೊಂಡದ್ದು ಮದುವೆಯಾದ ಒಂದೂವರೆ ವರ್ಷಕ್ಕೆ, ಹಾವು ಕಚ್ಚಿ. ನನಗಾಗ ಎಂಟು ವರ್ಷ. ಅಕ್ಕನ ಅತ್ತೆ ಅಂಗಳದಲ್ಲಿ ನಿಂತು, 'ಇವಳ ಕಾಲ್ಗುಣ' ಅಂದದ್ದು ನನಗೆ ನೆನಪಿದೆ. ಹೊಸ ಹೆಣ್ಣು ಹೊಸ್ತಿಲು ದಾಟಿದ ಮೇಲೆ ಮನೆಗೆ ಒಳ್ಳೆಯದಾದರೂ ಕೆಟ್ಟದ್ದಾದರೂ ಅವಳ ಕಾಲಿಗೇ ಅಂಟಿಸುತ್ತಾರಲ್ಲ. ಆಗ ನನಗೆ ಆ ಮಾತಿನ ಅರ್ಥ ತಿಳಿಯದೆ ಅಕ್ಕನ ಕಾಲನ್ನೇ ನೋಡುತ್ತಾ ನಿಂತಿದ್ದೆ. ಅದರಲ್ಲಿ ಏನೂ ಕಾಣಲಿಲ್ಲ, ಬೆಳ್ಳಿ ಕಾಲುಂಗುರದ ಗುರುತು ಬಿಟ್ಟರೆ. ಆಮೇಲೆ ಅವಳು ಯಾವ ಶುಭಕಾರ್ಯದಲ್ಲೂ ಮುಂದೆ ನಿಲ್ಲಲಿಲ್ಲ. ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದವಳು, ಒಳಗೆ ಹಾಲು ಉಕ್ಕುವ ತನಕ ಹಿತ್ತಲಲ್ಲಿ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ಕರೆದರೂ ಬರಲಿಲ್ಲ. ಅವಳ ಸ್ವಭಾವವೇ ಹಾಗೆ, ಗಡಿಬಿಡಿ ಇಷ್ಟವಿಲ್ಲ ಅಂತ ನಾನು ನಂಬಿಕೊಂಡಿದ್ದೆ. ನಲವತ್ತು ವರ್ಷ ದಾಟಿದ ಮೇಲೆ ಅದೇ ಮಾತನ್ನು ನಾನು ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಬರೆದುಕೊಂಡು ಹೋಗಿ ಅವಳಿಗೆ ತೋರಿಸಿದ್ದೆ. ನನ್ನ ಓದಿಗಿಷ್ಟು ಬೆಂಕಿ ಹಾಕ ಅನ್ನಿಸಿತು.

ಎಷ್ಟು ಕರೆದರೂ ಅವಳು ಕಾರು ಹತ್ತಲಿಲ್ಲ. "ಕಾರು ರಿಪೇರಿ ಆಗ್ಲಿ, ಬತ್ತೀನಿ" ಅಂದಳು. ಅವಳಿಲ್ಲದೆ ದೀಪ ಹತ್ತುವುದಿಲ್ಲ. ದೀಪ ಹತ್ತದೆ ರಿಪೇರಿ ಆಗುವುದಿಲ್ಲ. ಹೀಗೊಂದು ಲೆಕ್ಕವನ್ನು ನಾನು ಯಾವ ಪರೀಕ್ಷೆಗೂ ಕೊಟ್ಟಿರಲಿಲ್ಲ.

ವಾಪಸ್ ಬರುವಾಗ ಮದ್ದೂರಿಗೆ ಸ್ವಲ್ಪ ಮುಂಚೆ ಹೊಂಗೆ ಮರದ ಕೆಳಗಿನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದೆ. ಅದು ಜವರಪ್ಪನವರ ಶೆಡ್ಡು. ಟ್ರಾಕ್ಟರ್, ಟಿಲ್ಲರ್, ಹಳೇ ಕಾರು, ಯಾವುದು ಬಂದರೂ ನೋಡುತ್ತಾರೆ. ಅರವತ್ತರ ಹತ್ತಿರದ ಮನುಷ್ಯ, ಮಾತಿಗೆ ಬೆಣ್ಣೆ ಸವರುವವರಲ್ಲ. ಟ್ರಾಕ್ಟರ್ ಡಾಕ್ಟರಿಗೆ ಸೆನ್ಸರ್ ಏನು ಗೊತ್ತು ಅಂತ ಇಷ್ಟು ದಿನ ಅವರ ಶೆಡ್ಡನ್ನು ದಾಟಿಕೊಂಡೇ ಓಡಾಡಿದ್ದೆ. ಅವರ ಹತ್ತಿರ ಅಂಗೈಯಗಲದ ಒಂದು ಸ್ಕ್ಯಾನರ್ ಕೂಡ ಇತ್ತು. ಅದರಲ್ಲೂ ಬಂದದ್ದು ಅದೇ ನಂಬರು. ನಾನು ಎಲ್ಲವನ್ನೂ ಹೇಳಿದೆ. ಅಕ್ಕ ಆಸ್ಪತ್ರೆಗೆ ಹೋಗದ್ದನ್ನೂ ಹೇಳಿದೆ.

"ಆ ಪುಸ್ತಕ ಕೊಡಿ ಇಲ್ಲಿ" ಅಂದರು. ಕೈಯೊರೆಸಿಕೊಂಡು ಒಂದೊಂದೇ ಹಾಳೆ ತಿರುವಿದರು. "ಎಲ್ಲಾ ಬರ್ದಿದ್ದೀರಿ ಮೇಡಂ. ಮಳೆ ಬರ್ದಿದ್ದೀರಿ, ಬಿಸ್ಲು ಬರ್ದಿದ್ದೀರಿ. ನಿಮ್ಮಕ್ಕ ಕಾರೊಳ್ಗೆ ಕೂತು ಏನ್ ಮಾಡ್ತಾರೆ ಅನ್ನದ ಬರ್ದೇ ಇಲ್ವಲ್ಲ."

"ಏನೂ ಮಾಡಲ್ಲ. ಸುಮ್ಮನೆ ಕೂತಿರ್ತಾರೆ."

"ಸುಮ್ಕೆ ಕೂರೋ ಮನುಸ್ರನ್ನ ನಾ ನೋಡಿಲ್ಲ" ಎಂದು ಎದ್ದರು. "ನಡೀರಿ, ಮಳವಳ್ಳಿಗೆ ಓಗಾನ. ರೋಗಿ ಕಾರಲ್ಲ, ಕಾರು ಅಕ್ಕ ಇಬ್ರೂ ಜೊತೇಲಿದ್ದಾಗ ಬರೋ ಅಂಥದ್ದು ಏನೋ ಅದೆ. ಇಬ್ರನ್ನೂ ಒಟ್ಗೆ ನೋಡ್ಬೇಕು."

ಶೆಡ್ಡಿಗೆ ಬೀಗ ಹಾಕಿ ಹಿಂದಿನ ಸೀಟಿನಲ್ಲಿ ಕೂತರು. ಹೀಗೆ ಅದೇ ದಿನ ಎರಡನೇ ಸಲ ಅಕ್ಕನ ಬಾಗಿಲಿಗೆ ಹೋದೆ. ಮನೆಗೆ ಬಂದವರಿಗೆ ಅಕ್ಕ ಮಜ್ಜಿಗೆ ಕೊಡದೆ ಇರುವುದಿಲ್ಲ. ಜವರಪ್ಪ ಎರಡು ಲೋಟ ಕುಡಿದರು. ಆಮೇಲೆ ವಿಷಯ ಹೇಳಿದರು. ಅಕ್ಕ ಆಗುವುದಿಲ್ಲ ಅಂದಳು.

"ನೋಡಕ್ಕ" ಅಂದರು ಜವರಪ್ಪ, ಲೋಟ ಕೆಳಗಿಡುತ್ತಾ. "ನಾ ಮೂವತ್ತೈದು ವರ್ಸದಿಂದ ಇಂಜಿನ್ ಬಿಚ್ತಾ ಇವ್ನಿ. ಒಂದ್ ಇಂಜಿನ್ಗೂ ಕೂತಿರೋರು ಮುತ್ತೈದೆಯೋ ಗಂಡ ಸತ್ತೋಳೋ ಅನ್ನದು ಗೊತ್ತಾಗಿರದ ಕಂಡಿಲ್ಲ. ಅದ್ಕೆ ಎಣ್ಣೆ ಗೊತ್ತು, ಗಾಳಿ ಗೊತ್ತು, ವಯರ್ರು ಗೊತ್ತು. ಅಷ್ಟೇಯ. ನೀವ್ ಬರ್ನಿಲ್ಲ ಅಂದ್ರೆ ನಂಗೆ ಈ ರೋಗ ಸಿಕ್ಕಕಿಲ್ಲ. ಬಂದು ಒಂದ್ ಉಪ್ಕಾರ ಮಾಡಿ."

ಯಾರಾದರೂ ಉಪಕಾರ ಕೇಳಿದರೆ ಅಕ್ಕನಿಗೆ ಇಲ್ಲ ಅನ್ನಲು ಬರುವುದಿಲ್ಲ. ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತಳು. ಅವಳು ಯಾವಾಗಲೂ ಬರಿಗಾಲಲ್ಲೇ ಕಾರು ಹತ್ತುವುದು. ಒಳಗೆ ಕೊಳೆಯಾದೀತು ಅಂತ.

ಮದ್ದೂರಿನ ಕಡೆ ಹೊರಟೆವು. ಜವರಪ್ಪ ಹಿಂದಿನಿಂದ ಮುಂದಕ್ಕೆ ಬಾಗಿ, ತಂತಿ ಎಳೆದುಕೊಂಡ ಸ್ಕ್ಯಾನರನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಅದರಲ್ಲಿ ಆ ಸೆನ್ಸರ್ ಕೊಡುವ ಲೆಕ್ಕ ಏರುತ್ತಾ ಇಳಿಯುತ್ತಾ ಕಾಣುತ್ತದಂತೆ. ನಾನು ದೀಪ ಹತ್ತಲಿ ಅಂತ ದೇವರನ್ನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಪಕ್ಕದಲ್ಲಿ ಅಕ್ಕ ಹತ್ತದೇ ಇರಲಿ ಅಂತ ಬೇಡುತ್ತಿದ್ದಳು ಅನ್ನುವುದು ಅವಳ ತುಟಿ ನೋಡಿದರೇ ತಿಳಿಯುತ್ತಿತ್ತು. ಇಬ್ಬರ ಮಾತನ್ನೂ ಕೇಳಿ ದೇವರು ಸುಮ್ಮನಿದ್ದ. ಐದಾರು ಮೈಲಿ ಏನೂ ಆಗಲಿಲ್ಲ.

ಕೆ.ಎಂ. ದೊಡ್ಡಿ ಹತ್ತಿರವಾಗುತ್ತಿದ್ದಂತೆ ಮುಂದೆ ಎರಡು ಟ್ರೈಲರ್ ಕಬ್ಬು ಎಳೆದುಕೊಂಡು ಟ್ರಾಕ್ಟರೊಂದು ಹೋಗುತ್ತಿತ್ತು. ದಾಟೋಣ ಅಂತ ಬಲಕ್ಕೆ ತೆಗೆದೆ. ಎದುರಿನಿಂದ ಬೈಕು ಬಂತು. ಬ್ರೇಕ್ ಹಿಡಿದು ಮತ್ತೆ ಟ್ರಾಕ್ಟರಿನ ಹಿಂದಕ್ಕೆ ಸೇರಿಕೊಂಡೆ. ಅಷ್ಟೇ. ಹಳದಿ ದೀಪ ಹತ್ತಿತು, ಕಾರು ಸೊರಗಿತು.

"ಸಿವನೇ" ಎಂದಳು ಅಕ್ಕ, ತೀರಾ ಮೆಲ್ಲಗೆ.

"ಅಕ್ಕ, ಕಾಲು ತೆಗೀಬ್ಯಾಡಿ" ಅಂದರು ಜವರಪ್ಪ. "ಎಂಗದೋ ಅಂಗೇ ಇರ್ಲಿ. ಮೇಡಂ, ಎಡಕ್ಕೆ ನಿಲ್ಸಿ. ಇಂಜಿನ್ ಆಫ್ ಮಾಡ್ಬ್ಯಾಡಿ."

ರಸ್ತೆಯ ಅಂಚಿಗೆ ನಿಲ್ಲಿಸಿ ಅವರು ತೋರಿಸಿದ ಕಡೆ ನೋಡಿದೆ. ಅಕ್ಕನ ಎಡಗಾಲು ಅವಳ ಮುಂದಿನ ನೆಲ ಮೇಲಕ್ಕೆ ವಾಲುವ ಜಾಗದಲ್ಲಿ ಒತ್ತಿ ನಿಂತಿತ್ತು. ಹಿಮ್ಮಡಿ ಊರಿ, ಬೆರಳುಗಳು ಬಿಳಿಚಿಕೊಳ್ಳುವಷ್ಟು ಬಲವಾಗಿ.

"ಈಗ ತೆಗೀರಿ."

ಅಕ್ಕ ಕಾಲು ತೆಗೆದಳು. ಸ್ಕ್ಯಾನರಿನಲ್ಲಿ ಸೊನ್ನೆಗೆ ಬಿದ್ದಿದ್ದ ಲೆಕ್ಕ ಎದ್ದು ನಿಂತಿತು.

"ತುಳೀರಿ." ಸೊನ್ನೆ. "ತೆಗೀರಿ." ಎದ್ದಿತು. "ಇನ್ನೊಂದ್ ಕಿತ." ಸೊನ್ನೆ.

ಜವರಪ್ಪ ಇಳಿದು ಬಂದು ಅಕ್ಕನ ಕಡೆಯ ಬಾಗಿಲು ತೆರೆದು, ಮಂಡಿಯೂರಿ ನೆಲದ ಹಾಸನ್ನು ಎತ್ತಿದರು. ಕಾರಿನ ಕಂಪ್ಯೂಟರು ಅದೇ ಕಡೆ, ಮುಂದಿನ ಡಬ್ಬದ ಹಿಂದೆ ಇರುತ್ತದಂತೆ. ಅದಕ್ಕೆ ಹೋಗುವ ವಯರುಗಳ ಗೊಂಚಲನ್ನು ಮೇಲೆ ಎತ್ತಿ ಹಿಡಿದಿರಬೇಕಾದ ಪ್ಲಾಸ್ಟಿಕ್ ಕೊಕ್ಕೆ ಮುರಿದುಹೋಗಿ, ಗೊಂಚಲು ಜೋತುಬಿದ್ದು, ಸರಿಯಾಗಿ ಅಕ್ಕ ಕಾಲಿಡುವಲ್ಲಿಗೆ ಬಂದಿತ್ತು. ತುಳಿದಾಗಲೆಲ್ಲ ಒಂದು ಸಣ್ಣ ವಯರು ಜಗ್ಗಿ, ಅದರ ತುದಿಯ ಪಿನ್ನು ಕೂದಲೆಳೆಯಷ್ಟು ಹೊರಗೆ ಬರುತ್ತಿತ್ತು. ಅಷ್ಟಕ್ಕೇ ಸೆನ್ಸರಿನ ಬಾಯಿ ಕಟ್ಟಿಹೋಗುತ್ತಿತ್ತು. ಎರಡು ಹೊಸ ಸೆನ್ಸರುಗಳೂ ನಿರಪರಾಧಿಗಳು.

"ಅಕ್ಕ, ಬ್ರೇಕ್ ಇರದು ಅವ್ರ್ ಕಾಲ್ ಕೆಳ್ಗೆ" ಅಂದರು ಜವರಪ್ಪ, ಮುರಿದ ಕೊಕ್ಕೆಯನ್ನು ನನ್ನ ಅಂಗೈಗೆ ಹಾಕುತ್ತಾ. "ನಿಮ್ ಕಾಲ್ ಕೆಳ್ಗೆ ಏನೂ ಇಲ್ಲ. ಅವ್ರು ಅಲ್ಲಿ ತುಳುದ್ರೆ ನೀವು ಇಲ್ಲಿ ತುಳೀತಾ ಇದ್ರಿ."

ಅಕ್ಕ ತನ್ನ ಕಾಲನ್ನೇ ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. "ಇವ್ಳು ಓಡ್ಸದ ನೋಡುದ್ರೆ ಯಾರ್ ತುಳಿಯಾಕಿಲ್ಲ ಯೋಳಿ" ಅಂದಳು. ನಗು ಹೊಟ್ಟೆಯಿಂದ ಶುರುವಾಗಿ ಮೇಲೆ ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. "ಅಂಗಾರೆ ಇದು ನನ್ ಕಾಲ್ಗುಣವೇ ಕಣೆ ಬಾಗ್ಯ" ಅಂದಳು, ಉಸಿರು ಕಟ್ಟುವ ಹಾಗೆ ನಗುತ್ತಾ. "ನಿಜ್ವಾಗ್ಲೂ ಕಾಲ್ಗುಣವೇಯ."

ಆ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನೂ ನಗುತ್ತಿದ್ದೆ, ಅಳುತ್ತಲೂ ಇದ್ದೆ ಅನ್ನಿಸುತ್ತದೆ. ಕಬ್ಬಿನ ಟ್ರಾಕ್ಟರಿನ ಹಿಂದೆ ಬಂದ ಇನ್ನೊಂದು ಟ್ರಾಕ್ಟರಿನವನು ನಿಧಾನ ಮಾಡಿ, "ಏನಾಯ್ತಣ್ಣ?" ಅಂತ ಜವರಪ್ಪನವರನ್ನು ಕೇಳಿದ. "ಏನೂ ಇಲ್ಲ ನಡಿಯಪ್ಪ, ರೋಗ ಸಿಕ್ತು" ಅಂದರು.

ಸಿಕ್ಕ ಮೇಲೆ ನನಗೆ ಹೊಳೆದದ್ದು, ಇದು ನನಗೆ ಮೊದಲೇ ತಿಳಿಯಬೇಕಿತ್ತು ಅಂತ. ಆ ಕಾಲುಗಳ ಪರಿಚಯ ನನಗಿಂತ ಚೆನ್ನಾಗಿ ಯಾರಿಗಿತ್ತು? ಹೈಸ್ಕೂಲಿನ ದಿನಗಳಲ್ಲಿ ಅಕ್ಕನ ಮನೆಗಿದ್ದದ್ದು ಒಂದೇ ಕೋಣೆ, ಒಂದೇ ಬಲ್ಬು. ಬಲ್ಬು ಹೊಲಿಗೆ ಯಂತ್ರದ ಮೇಲಿತ್ತು. ನಾನು ಯಂತ್ರದ ಪಕ್ಕದಲ್ಲಿ ನೆಲದ ಮೇಲೆ ಬೋರಲು ಮಲಗಿ ಲೆಕ್ಕ ಮಾಡುತ್ತಿದ್ದೆ. ಕಣ್ಣೆತ್ತಿದರೆ ಕಾಣುತ್ತಿದ್ದದ್ದು ಅಕ್ಕನ ಮುಖವಲ್ಲ, ಆ ಎರಡು ಪಾದಗಳು. ಕಬ್ಬಿಣದ ಹಲಗೆಯ ಮೇಲೆ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಅವಳ ಯೋಚನೆಗಳೆಲ್ಲ ನನಗೆ ಗೊತ್ತಾಗುತ್ತಿದ್ದುದು ಅವುಗಳಿಂದಲೇ. ಸಿಟ್ಟು ಬಂದರೆ ಯಂತ್ರ ಜೋರು; ನೆಂಟರು ಯಾರಾದರೂ ನೋಯುವ ಮಾತಾಡಿ ಹೋದ ದಿನ ನಡುನಡುವೆ ನಿಂತು ನಿಂತು ಓಡುತ್ತಿತ್ತು. ಹಬ್ಬದ ಮುಂಚಿನ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಲೇ ಇರಲಿಲ್ಲ. ನನ್ನ ಮಗ್ಗಿಯೆಲ್ಲ ಆ ತಾಳಕ್ಕೇ ಬಾಯಿಪಾಠ ಆದದ್ದು. ನಲವತ್ತು ವರ್ಷ ಹಾಗೆ ತುಳಿದ ಕಾಲು ಭಯವಾದಾಗ ಸುಮ್ಮನೆ ಹೇಗಿದ್ದೀತು? ಬೇರೆ ಯಾರ ಕಾಲಾಗಿದ್ದರೂ ಆ ಗೊಂಚಲು ಅಷ್ಟು ಜಗ್ಗುತ್ತಿರಲಿಲ್ಲವೇನೋ.

ಶೆಡ್ಡಿನಲ್ಲಿ ಕೆಲಸ ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ. ಜವರಪ್ಪ ಪಿನ್ನನ್ನು ಬದಲಾಯಿಸಿ, ಗೊಂಚಲನ್ನು ಮೇಲಕ್ಕೆ ಬಿಗಿದು ಕಟ್ಟಿ, ಅಕ್ಕ ಕಾಲಿಡುವ ಜಾಗಕ್ಕೆ ಒಂದು ದಪ್ಪ ರಬ್ಬರ್ ಹಾಸು ಕೊಯ್ದು ಹಾಕಿದರು. "ಈಗ ಎಷ್ಟ್ ಬೇಕಾದ್ರೂ ತುಳ್ಕಳಿ" ಅಂದರು. ಅಕ್ಕ ಕೂತು, ಅವರೆದುರಿಗೇ ನಾಲ್ಕೈದು ಸಲ ಚೆನ್ನಾಗಿ ತುಳಿದು ನೋಡಿದಳು, ಅಂಗಡಿಯಲ್ಲಿ ಹೊಸ ಯಂತ್ರ ಪರೀಕ್ಷಿಸುವವಳ ಹಾಗೆ. ದೀಪ ಹತ್ತಲಿಲ್ಲ. ಆ ದಿನ ಅವಳು ಮಳವಳ್ಳಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲೇ ಉಳಿದಳು. ಕಾರಿನಿಂದ ಇಳಿದು ನನಗಿಂತ ಮುಂದೆ ಹೋಗಿ ತಾನೇ ಗೇಟು ತೆಗೆದು, ಮುಂಬಾಗಿಲಿನಿಂದ ಒಳಗೆ ಹೋದಳು. ನಾನು ಹಿಂದಿನಿಂದ ನೋಡಿದೆ.

ಮಾರನೇ ಬೆಳಿಗ್ಗೆ ಮಂಡ್ಯದಲ್ಲಿ ಡಾಕ್ಟರ ಮುಂದೆ ಕೂತೆವು. ಅವರು ಅಕ್ಕನ ಕಣ್ಣಿಗೆ ಬೆಳಕು ಬಿಟ್ಟು ತುಂಬಾ ಹೊತ್ತು ನೋಡಿದರು. "ಎರಡು ತಿಂಗಳು ಬಿಟ್ಟಿದ್ದೀರಿ. ನೀರು ತುಂಬಿಕೊಂಡಿದೆ" ಅಂದರು. ನಾನು ಅಪರಾಧಿಯ ಹಾಗೆ ತಲೆ ತಗ್ಗಿಸಿದೆ. "ಕೈ ಮೀರಿಲ್ಲ. ಆದರೆ ಇನ್ನು ಒಂದು ದಿನವೂ ತಪ್ಪಿಸೋ ಹಾಗಿಲ್ಲ." ಅಕ್ಕ, "ತಪ್ಸಲ್ಲ ಸ್ವಾಮಿ. ಕಾರದೆ" ಅಂದಳು.

ಒಂದು ಸಲವೂ ತಪ್ಪಿಸಲಿಲ್ಲ. ಮೂರು ಇಂಜೆಕ್ಷನ್ ಆಯಿತು. ಮೂರನೆಯದು ಆಗಿ ಎರಡು ವಾರಕ್ಕೆ ಪರೀಕ್ಷೆ ಮಾಡಿದ ಡಾಕ್ಟರು, ನೀರು ಇಳಿದಿದೆ, ಇಷ್ಟು ಚೆನ್ನಾಗಿ ಇಳಿಯುತ್ತದೆ ಅಂದುಕೊಂಡಿರಲಿಲ್ಲ ಅಂದರು. ಅಕ್ಕ ಆ ಮಾತನ್ನು ಪೂರ್ತಿ ನಂಬಲಿಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳುತ್ತಾರೆ ಅನ್ನುವುದು ಅವಳ ಗುಮಾನಿ.

ಅದಾದ ಭಾನುವಾರ, ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ಕೈಮುಗಿದು, ಹೊಳೆಯಲ್ಲಿ ಕಾಲಾಡಿಸಿ ಬರೋಣ ಅಂದಳು. ಬುತ್ತಿ ಕಟ್ಟಿಕೊಂಡು ಹೊರಟೆವು. ಮಳವಳ್ಳಿ ದಾಟಿದ ಮೇಲೆ ನೋಡುತ್ತೇನೆ, ಅಕ್ಕ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣೊಂದರಲ್ಲೇ ರಸ್ತೆ ಬದಿಯ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದಾಳೆ. "ರಸಗೊಬ್ಬರ ಮತ್ತು ಬಿತ್ತನೆ ಬೀಜ. ಸ್ರೀ ಮಾದೇಸ್ವರ ಟೀ ಸ್ಟಾಲ್. ಮುಂದೆ ತಿರುವಿದೆ." ಒಂದನೇ ತರಗತಿಯ ಮಗು ಓದುವ ಹಾಗೆ, ಜೋರಾಗಿ. ನಾನು ವೇಗ ಕಮ್ಮಿ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ. ನನಗೆ ಸ್ಟೀರಿಂಗಿನ ಮೇಲಿದ್ದ ಕೈ ಹಗುರಾದ ಹಾಗಾಯಿತು.

ಅಷ್ಟರಲ್ಲಿ ಅವಳು, "ಅಳೇ ಕಾರುಗಳನ್ನು ಕೊಲ್ಲಲಾಗುವುದು" ಎಂದು ಓದಿದಳು.

"ಸರಿಯಾಗಿ ನೋಡಕ್ಕ. ಕೊಳ್ಳಲಾಗುವುದು ಅಂತ ಇರುತ್ತೆ. ಕೊಂಡುಕೊಳ್ತಾರೆ ಅಂತ."

"ಕೊಲ್ಲಲಾಗುವುದು ಅಂತ್ಲೇ ಅದೆ."

"ಳಕಾರ ನಿನಗೆ ಲಕಾರದ ಹಾಗೆ ಕಂಡಿದೆ ಅಷ್ಟೆ. ಪರವಾಗಿಲ್ಲ ಬಿಡು, ಡಾಕ್ಟರು ಇನ್ನೂ ಸುಧಾರಿಸುತ್ತೆ ಅಂದಿದ್ದಾರಲ್ಲ."

"ನಂಗೆ ಸಮಾಧಾನ ಯೋಳ್ಬ್ಯಾಡ. ತಿರುಗ್ಸು ಗಾಡಿಯ."

ತಿರುಗಿಸಿದೆ. ಹಿಂದೆ ಹೋಗಿ ಆ ಬೋರ್ಡಿನ ಎದುರಿಗೇ ನಿಲ್ಲಿಸಿದೆ. ಹಳದಿ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ, ಒಂದೊಂದು ಅಕ್ಷರವೂ ಗೇಣುದ್ದ: 'ಇಲ್ಲಿ ಹಳೇ ಕಾರುಗಳನ್ನು ಕೊಲ್ಲಲಾಗುವುದು.' ಲಕಾರವೂ ಅದರ ಒತ್ತೂ ತಪ್ಪಿಲ್ಲದೆ, ದುಂಡಗೆ ಕೂತಿದ್ದವು. ನಾನು ಎರಡು ಸಲ ಓದಿದೆ. ಅಕ್ಕನ ಎಡಗಣ್ಣು ಸರಿಯಾಗಿತ್ತು.

ಅಕ್ಕ ಬಲಗಣ್ಣಿನ ಮೇಲಿಂದ ಕೈ ತೆಗೆದಳು. ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದವನು ಗಿರಾಕಿ ಬಂದರು ಅಂತ ಎದ್ದು, ನಮ್ಮ ಕಾರನ್ನು ಮೇಲಿಂದ ಕೆಳಕ್ಕೆ ನೋಡುತ್ತಾ ನಮ್ಮ ಕಡೆಗೇ ಬರುತ್ತಿದ್ದ.

"ಬ್ಯಾಗ ನಡಿಯೇ" ಅಂದಳು ಅಕ್ಕ. "ನಮ್ ಗಾಡಿ ಅವನ್ ಕಣ್ಗೆ ಬಿತ್ತು."